ಎಣ್ಣೆ ಸರಿಯಾಗಿದ್ದರೂ ಬೇರಿಂಗ್ ಶೆಲ್ ಪಕ್ಕಗಳಲ್ಲಿ ಮಾತ್ರ ಸವೆದಿದೆ: ಏನು ಕಾರಣ?

ನಾಲ್ಕುಸ್ಟ್ರೋಕ್:

ನಾಲ್ಕು ಸಿಲಿಂಡರಿನ 1.6 ಲೀಟರ್ ಪೆಟ್ರೋಲ್ ಎಂಜಿನ್. ಕಬ್ಬಿಣದ ಬ್ಲಾಕ್, ಎರಕದ ಕ್ರ್ಯಾಂಕ್ (ಪಿಸ್ಟನ್‌ಗಳ ಓಟವನ್ನು ಸುತ್ತುವಿಕೆಯಾಗಿಸುವ ದಂಡ), ಅದನ್ನು ಬ್ಲಾಕ್‌ನಲ್ಲಿ ಹೊರುವ ಐದು ಮೇನ್ ಬೇರಿಂಗ್. ಪೂರ್ತಿ ಓವರ್‌ಹಾಲ್ ಆಗಿ 900 ಕಿ.ಮೀ. ಓಡಿದೆ. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ 1.8 ಬಾರ್ ಇರುತ್ತಿದ್ದ ಆಯಿಲ್ ಪ್ರೆಶರ್ ಈಗ 0.8ಕ್ಕೆ ಇಳಿದಿದೆ. ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದ ಲೆಕ್ಕ ಇದು, ಹಾಗಾಗಿ ಸೆನ್ಸರಿನ ತಪ್ಪಲ್ಲ. ಬಡಿತದ ಸದ್ದೂ ಇಲ್ಲ. ಸಂಪ್ (ತಳದ ಎಣ್ಣೆ ತೊಟ್ಟಿ) ಇಳಿಸಿ ಬೇರಿಂಗ್ ಕ್ಯಾಪ್ ಬಿಚ್ಚಿದಾಗ, ಒಳಗಿನ ಅರೆ ಉಂಗುರದಂಥ ಶೆಲ್‌ಗಳಲ್ಲಿ ಕಂಡದ್ದು ಇದು.

ಬಿಗ್ ಎಂಡ್ (ಪಿಸ್ಟನ್ನಿಂದ ಬರುವ ರಾಡ್ ಕ್ರ್ಯಾಂಕನ್ನು ಹಿಡಿಯುವ ದೊಡ್ಡ ತುದಿ): ನಾಲ್ಕೂ ರಾಡ್‌ಗಳ ಎಂಟು ಶೆಲ್‌ಗಳಲ್ಲೂ ಕ್ಯಾಪ್ ಕೂಡುವ ಗೆರೆಯ ಪಕ್ಕದಲ್ಲಿ, ಎರಡೂ ಬದಿಗೆ, 6-7 ಮಿ.ಮೀ. ಅಗಲದ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಒಂದೆರಡರಲ್ಲಿ ತಾಮ್ರ ಇಣುಕಿದೆ. ಭಾರ ಬೀಳುವ ನಡುಭಾಗ ಮಾತ್ರ ಹೊಸದರಂತೆ ಮಂಕು ಬೂದು ಬಣ್ಣದಲ್ಲೇ ಇದೆ.

ಮೂರನೇ ರಾಡಿನಲ್ಲಿ ಇದರ ಜೊತೆಗೆ ಇನ್ನೊಂದು: ಮೇಲಿನ ಶೆಲ್ ಫ್ಲೈವೀಲ್ ಕಡೆಯ ಅಂಚಿನಲ್ಲಿ ಸವೆದಿದೆ, ಕೆಳಗಿನದು ಪುಲ್ಲಿ ಕಡೆಯ ಅಂಚಿನಲ್ಲಿ.

ಮೇನ್: ಐದರಲ್ಲೂ ಸಣ್ಣ ಸಣ್ಣ ಚುಕ್ಕೆ, ಸೂಜಿಯಿಂದ ಚುಚ್ಚಿದ ಹಾಗೆ. ಮೂರನೇ ಮೇನಿನ ಕೆಳ ಶೆಲ್‌ನಲ್ಲಿ ಹೆಸರುಕಾಳಿನಷ್ಟು ಜಾಗ ಮಾತ್ರ ಹೊಳೆಯುತ್ತಿದೆ, ಸುತ್ತಮುತ್ತ ಏನೂ ಆಗಿಲ್ಲ. ಥ್ರಸ್ಟ್ ವಾಷರ್ ಸರಿ ಇದೆ, ಎಂಡ್ ಪ್ಲೇ (ಕ್ರ್ಯಾಂಕ್ ಹಿಂದುಮುಂದೆ ಸರಿಯುವ ಆಟ) 0.14 ಮಿ.ಮೀ. ಜರ್ನಲ್‌ಗಳಲ್ಲಿ (ಕ್ರ್ಯಾಂಕ್‌ನ ಬೇರಿಂಗ್‌ನೊಳಗೆ ತಿರುಗುವ ದುಂಡು ಭಾಗ) ಎಲ್ಲೂ ನೀಲಿ ಛಾಯೆ ಇಲ್ಲ.

ಓವರ್‌ಹಾಲ್‌ನಲ್ಲಿ ಆದ ಕೆಲಸ: ಕ್ರ್ಯಾಂಕ್ 0.25 ಮಿ.ಮೀ. ಅಂಡರ್‌ಸೈಜ್‌ಗೆ (ಮೂಲ ವ್ಯಾಸಕ್ಕಿಂತ ಅಷ್ಟು ಕಡಿಮೆಗೆ) ಗ್ರೈಂಡಿಂಗ್, ಬ್ಲಾಕ್ ಬೋರಿಂಗ್, ಮೂರು ಪದರದ ಹೊಸ ಶೆಲ್, ಹೆಚ್ಚು ಬಲದ ಹೊಸ ರಾಡ್ ಬೋಲ್ಟ್. ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದ ಅಗಲದಿಂದ ಗ್ಯಾಪ್ ತಿಳಿಸುವ ಎಳೆ) ಇಟ್ಟು ನೋಡಿದಾಗ ಬಿಗ್ ಎಂಡ್ ಗ್ಯಾಪ್ ನಾಲ್ಕರಲ್ಲೂ 0.045 ಆಸುಪಾಸು ಬಂದಿತ್ತು. ಗ್ಯಾಪ್ ಸರಿ, ಎಣ್ಣೆ ಸರಿ, ಆದರೂ ಹೀಗೆ. ಆಯಿಲ್ ಪಂಪ್ ದುರ್ಬಲವೇ? ಪಂಪ್ ಬದಲಿಸಿ ಇನ್ನೊಂದು ಸೆಟ್ ಶೆಲ್ ಹಾಕಿ ಕೂಡಿಸಿದರೆ ಸಾಕೇ?

ಹಳೇಲೇತ್:

ಸಾಲದು. ಹಾಗೆ ಕೂಡಿಸಿದರೆ ಇನ್ನೊಂದು 900 ಕಿ.ಮೀ. ಆದ ಮೇಲೆ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಎಣ್ಣೆ ಬತ್ತಿದ ಶೆಲ್ ಹೀಗಿರುವುದಿಲ್ಲ. ಎಣ್ಣೆ ಸಾಲದಿದ್ದರೆ ಮೊದಲು ಹೋಗುವುದು ಭಾರ ಹೊರುವ ನಡುಭಾಗ. ಮೇಲ್ಪದರ ಕರಗಿ ತಿರುಗುವ ದಿಕ್ಕಿಗೆ ಒರೆಸಿಕೊಂಡು ಹೋಗಿರುತ್ತದೆ, ಜರ್ನಲ್ ಕಪ್ಪಗೋ ನೀಲಿಯಾಗೋ ಬೆಂದಿರುತ್ತದೆ, ಪಂಪಿನಿಂದ ದೂರವಿರುವ ಬೇರಿಂಗ್ ಹೆಚ್ಚು ಹಾಳಾಗಿರುತ್ತದೆ. ನಿಮ್ಮಲ್ಲಿ ಈ ಮೂರೂ ಇಲ್ಲ. ನಡುಭಾಗ ಮಂಕಾಗೇ ಉಳಿದಿದೆ ಎಂದರೆ ಅಲ್ಲಿ ಎಣ್ಣೆಯ ಪೊರೆ ಸರಿಯಾಗಿ ನಿಂತಿತ್ತು.

ಇದರಲ್ಲಿ ನಾಲ್ಕು ಬೇರೆ ಬೇರೆ ದೋಷ ಬೆರೆತಿವೆ. ಒಂದೇ ಕಾರಣ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಮೊದಲು ಕೂಡುಗೆರೆಯ ಪಟ್ಟಿಯ ವಿಷಯ.

ಶೆಲ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ನಡುವೆ ದಪ್ಪ, ಕೂಡುಗೆರೆಯ ಕಡೆಗೆ ಬರುತ್ತಾ ಕೆಲವೇ ಮೈಕ್ರಾನ್ ತೆಳ್ಳಗಾಗುತ್ತದೆ. ಪಿಸ್ಟನ್ ಮೇಲೆ ಹೋಗಿ ತಿರುಗುವಾಗ ರಾಡ್ ಹಿಗ್ಗಿ, ಬಿಗ್ ಎಂಡ್ ಉದ್ದುದ್ದ ಎಳೆದುಕೊಂಡು ಪಕ್ಕಗಳಲ್ಲಿ ಒಳಸರಿಯುತ್ತದೆ. ಆ ಒಳಸರಿತಕ್ಕೆ ಜಾಗ ಸಿಗಲಿ ಎಂದೇ ಈ ತೆಳುವು. ಅಷ್ಟು ಬಿಟ್ಟ ಮೇಲೂ ಅಲ್ಲಿ ಉಜ್ಜಿದೆ ಎಂದರೆ ಬಿಗ್ ಎಂಡಿನ ಗೂಡು (ಶೆಲ್ ಕೂರುವ ತೂತು) ನಿಂತಲ್ಲೇ ಗುಂಡಗಿಲ್ಲ, ಅಥವಾ ಶೆಲ್ ಅತಿಯಾಗಿ ಒತ್ತಿ ಕೂತು ತುದಿಗಳಲ್ಲಿ ಒಳಕ್ಕೆ ಉಬ್ಬಿದೆ. ಇವೆರಡನ್ನೂ ಅಳತೆಯೇ ಬೇರ್ಪಡಿಸಬೇಕು, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಶೆಲ್ ತೆಗೆದು ಗೂಡನ್ನು ಬಟ್ಟೆಯಿಂದ ಒರೆಸಿ, ಕ್ಯಾಪ್ ಕೂಡಿಸಿ, ಈಗಿನ ಬೋಲ್ಟ್‌ಗಳನ್ನೇ ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಡಯಲ್ ಬೋರ್ ಗೇಜ್‌ನಲ್ಲಿ ರಾಡಿನ ಉದ್ದಕ್ಕೆ ಒಂದು ಅಳತೆ, ಕೂಡುಗೆರೆಯಿಂದ 20 ಡಿಗ್ರಿ ಆಚೆ ಒಂದು, ಈಚೆ ಒಂದು. ಸರಿಯಾಗಿ ಗೆರೆಯ ಮೇಲೆಯೇ ಅಳೆಯಬೇಡಿ, ಅಂಚಿನ ಮುರಿತ ಸಿಕ್ಕಿ ಗೇಜ್ ಸುಳ್ಳು ಹೇಳುತ್ತದೆ. ನಂತರ ಹಳೆಯ ಬೋಲ್ಟ್ ಉಳಿದಿದ್ದರೆ ಅವನ್ನು ಹಾಕಿ ಅದೇ ಅಳತೆ ಇನ್ನೊಮ್ಮೆ. ಹಳೆಯವು ಎಳೆತದ ಬೋಲ್ಟ್ (ಬಿಗಿಯುವಾಗ ಶಾಶ್ವತವಾಗಿ ಹಿಗ್ಗುವಂಥವು) ಆಗಿದ್ದರೆ ಅಳೆಯಲು ಮಾತ್ರ ಬಳಸಿ, ಓಡಿಸಲು ಅಲ್ಲ.

ಗೂಡು ಗುಂಡಗೆ ಬಂದರೆ ಆಗ ಒತ್ತಿನ ಕಡೆ ನೋಡಿ. ಶೆಲ್ ಹಾಕಿ ಎರಡೂ ಬೋಲ್ಟ್ ಪೂರ್ತಿ ಬಿಗಿದು, ಒಂದನ್ನು ಮಾತ್ರ ಪೂರ್ತಿ ಸಡಿಲಿಸಿ, ಆ ಬದಿಯಲ್ಲಿ ರಾಡ್ ಮತ್ತು ಕ್ಯಾಪ್ ನಡುವೆ ಬಿಟ್ಟುಕೊಂಡ ಸಂದಿಗೆ ಫೀಲರ್ ಗೇಜ್ ತೂರಿಸಿ. ಸಂದಿಯೇ ಇಲ್ಲದಿದ್ದರೆ ಒತ್ತು ಇಲ್ಲ, ಅಂಥ ಶೆಲ್ ಗೂಡಿನೊಳಗೆ ಅಲುಗಾಡಿ ಬೆನ್ನು ಹೊಳೆದಿರುತ್ತದೆ. ಸಂದಿ ಮಿತಿಮೀರಿದ್ದರೆ ಯಾರೋ ಕ್ಯಾಪಿನ ಮುಖ ಅರದಿಂದ ಉಜ್ಜಿದ್ದಾರೆ, ಇಲ್ಲವೇ ಶೆಲ್ ಬೇರೆ ಎಂಜಿನ್ನಿನದು.

ನನ್ನ ಅನುಮಾನ ಬೋಲ್ಟ್ ಮೇಲೆ. ಬಲದ ಬೋಲ್ಟ್ ಹಾಕಿ ಬಿಗಿಯುವ ಒತ್ತಡ ಬದಲಾದರೆ ಗೂಡಿನ ಆಕಾರವೂ ಬದಲಾಗುತ್ತದೆ. ಬೋಲ್ಟ್ ಬದಲಿಸಿದ ಮೇಲೆ ಬಿಗ್ ಎಂಡ್ ಮತ್ತೆ ಹೋನ್ (ಕಲ್ಲಿನಿಂದ ನಯವಾಗಿ ಉಜ್ಜಿ ಅಳತೆಗೆ ತರುವುದು) ಮಾಡಿದ್ದೀರಾ? ಪಟ್ಟಿಯಲ್ಲಿ ಆ ಕೆಲಸ ಕಾಣಲಿಲ್ಲ.

ಮೈಕ್ರಾನ್:

ಹಳೇಲೇತ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಪಟ್ಟಿ ಎರಡೂ ಬದಿಗೆ ಇರುವುದು ಮುಖ್ಯ ಸುಳಿವು. ಮೇಲಿನ ಶೆಲ್‌ನಲ್ಲಿ ಎಡ ತುದಿ, ಕೆಳಗಿನದರಲ್ಲಿ ಬಲ ತುದಿ ಮಾತ್ರ ಸವೆದಿದ್ದರೆ ಅದು ಕ್ಯಾಪ್ ಪಕ್ಕಕ್ಕೆ ಸರಿದ ಗುರುತು. ಕ್ಯಾಪ್ ಅದಲುಬದಲಾದಾಗ, ತಿರುಗಿಸಿ ಕೂಡಿಸಿದಾಗ, ದಪ್ಪ ಗೋಡೆಯ ಸಾಕೆಟ್ ಕ್ಯಾಪಿಗೆ ತಾಗಿ ಬಿಗಿಯುವಾಗಲೇ ಪಕ್ಕಕ್ಕೆ ತಳ್ಳಿದಾಗ ಹಾಗಾಗುತ್ತದೆ. ನಿಮ್ಮದು ಅದಲ್ಲ.

ಪ್ಲಾಸ್ಟಿಗೇಜ್ ಯಾಕೆ ಸರಿ ತೋರಿಸಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಎಳೆಯನ್ನು ಇಡುವುದು ನಡುಭಾಗದಲ್ಲಿ, ಅದು ಹೇಳುವುದು ಅಲ್ಲಿನ ಗ್ಯಾಪ್ ಮಾತ್ರ. ಗೂಡು ಮೊಟ್ಟೆಯಾಕಾರ ಇದ್ದರೆ ನಡುವೆ 0.045 ಬಂದು ಪಕ್ಕದಲ್ಲಿ ಅದರ ಅರ್ಧ ಇರಬಹುದು. 48 ಮಿ.ಮೀ. ಜರ್ನಲ್‌ಗೆ ಪ್ರತಿ ಮಿಲಿಮೀಟರ್ ವ್ಯಾಸಕ್ಕೆ 0.00075ರಿಂದ 0.001 ಲೆಕ್ಕ ಹಿಡಿದರೆ 0.036ರಿಂದ 0.048 ಬೇಕು. ಆ ಲೆಕ್ಕಕ್ಕೆ ನಿಮ್ಮ ಗ್ಯಾಪ್ ಪಾಸ್. ಪಾಸ್ ಆಗಿದ್ದೇ ತೊಂದರೆ.

ಈಗ ಮೂರನೇ ರಾಡ್. ಅಂಚಿನ ಸವೆತ ಓದುವ ಕ್ರಮ ಸರಳ. ಮೇಲಿನ ಮತ್ತು ಕೆಳಗಿನ ಶೆಲ್ ಒಂದೇ ಕಡೆಯ ಅಂಚಿನಲ್ಲಿ ಸವೆದಿದ್ದರೆ ಜರ್ನಲ್ ಒಂದು ಕಡೆ ದಪ್ಪ, ಗ್ರೈಂಡಿಂಗ್‌ನ ತಪ್ಪು. ಎದುರುಬದುರು ಅಂಚುಗಳಲ್ಲಿ ಸವೆದಿದ್ದರೆ ರಾಡ್ ಬಾಗಿದೆ. ನಿಮ್ಮದು ಎರಡನೆಯದು. ಅಂಚಿನ ತುದಿಯಲ್ಲಿ ದಾರದಷ್ಟು ಗೆರೆ ಮಾತ್ರ ಕಂಡರೆ ಅದು ಮೂರನೇ ಜಾತಿ: ಗ್ರೈಂಡಿಂಗ್‌ನಲ್ಲಿ ಜರ್ನಲ್ ಮೂಲೆಯ ಬಾಗು ದೊಡ್ಡದಾಗಿ ಶೆಲ್ ಅದರ ಮೇಲೆ ಹತ್ತಿ ಕೂತಿರುತ್ತದೆ.

ರಾಡ್ ಬಾಗಿದ್ದರೆ ಪಿಸ್ಟನ್ನೂ ಸಾಕ್ಷಿ ಹೇಳಬೇಕು. ಮೂರನೇ ಪಿಸ್ಟನ್ ಸ್ಕರ್ಟ್ (ರಿಂಗ್‌ಗಳ ಕೆಳಗಿನ ಗೋಡೆ) ಮೇಲೆ ಸವೆತ ಓರೆಯಾಗಿದೆಯೇ, ಮೇಲಿನ ರಿಂಗ್‌ಗಿಂತ ಮೇಲಿನ ಭಾಗ ಒಂದು ಕಡೆ ಉಜ್ಜಿದೆಯೇ ನೋಡಿ. ರಾಡ್‌ನ ಎರಡು ತೂತುಗಳ ಸಮಾನಾಂತರ ಅಳೆಸಿ: 100 ಮಿ.ಮೀ. ಉದ್ದಕ್ಕೆ 0.05ಕ್ಕಿಂತ ಹೆಚ್ಚು ಬಾಗಿದ್ದರೆ ಬೇಡ. ನಾಲ್ಕೂ ಪಿಸ್ಟನ್ ಟಿಡಿಸಿಯಲ್ಲಿ (ಓಟದ ಅತಿ ಮೇಲಿನ ಬಿಂದುವಿನಲ್ಲಿ) ಬ್ಲಾಕ್ ಮುಖದಿಂದ ಎಷ್ಟು ಕೆಳಗೆ ನಿಲ್ಲುತ್ತವೆ ಎಂದು ಅಳೆದರೆ ಇನ್ನೂ ಒಳ್ಳೆಯದು. ಒಂದರಲ್ಲಿ ನೀರೋ ಪೆಟ್ರೋಲೋ ತುಂಬಿ ರಾಡ್ ಕುಸಿದಿದ್ದರೆ ಆ ಪಿಸ್ಟನ್ ತಗ್ಗಿನಲ್ಲಿ ನಿಂತಿರುತ್ತದೆ.

ಮೂರನೇ ಮೇನಿನ ಹೊಳೆಯುವ ಚುಕ್ಕೆಯ ಕಾರಣ ಶೆಲ್ಲಿನ ಬೆನ್ನಿನಲ್ಲಿರುತ್ತದೆ. ತಿರುಗಿಸಿ ನೋಡಿ, ಅದೇ ಜಾಗದಲ್ಲಿ ಕಪ್ಪು ಕಲೆ ಅಥವಾ ಒತ್ತಿದ ಗುರುತು ಸಿಗಬೇಕು. ಕೂಡಿಸುವಾಗ ಲೋಹದ ಪುಡಿಯೋ ಗ್ಯಾಸ್ಕೆಟ್ ಅಂಟಿನ ತುಣುಕೋ ಬೆನ್ನ ಹಿಂದೆ ಸಿಕ್ಕಿಕೊಂಡರೆ ಶೆಲ್ ಅಷ್ಟು ಜಾಗದಲ್ಲಿ ಒಳಕ್ಕೆ ಉಬ್ಬುತ್ತದೆ, ಬೆನ್ನಿಗೆ ಗೂಡು ತಾಗದೆ ಶಾಖವೂ ಅಲ್ಲೇ ನಿಲ್ಲುತ್ತದೆ. ನಡುವಿನ ಮೇನ್ ಎಂದ ಕೂಡಲೇ ಕ್ರ್ಯಾಂಕ್ ಬಾಗಿದೆ ಎನ್ನುವವರು ಸಿಗುತ್ತಾರೆ. ಬಾಗಿದ ಕ್ರ್ಯಾಂಕ್‌ನ ಉಬ್ಬು ಕ್ರ್ಯಾಂಕ್ ಜೊತೆಗೇ ಸುತ್ತುತ್ತದೆ, ಆದ್ದರಿಂದ ಮೇಲು ಕೆಳಗಿನ ಎರಡೂ ಶೆಲ್ ಅಗಲವಾಗಿ ಸವೆಯಬೇಕು. ಬ್ಲಾಕಿನ ಗೂಡುಗಳ ಸಾಲು ತಪ್ಪಿದ್ದರೆ ಉಬ್ಬು ಸ್ಥಿರ, ಆಗ ಮೇಲಿನದೋ ಕೆಳಗಿನದೋ ಒಂದೇ ಸವೆಯುತ್ತದೆ, ಆದರೆ ಕಾಳಿನಷ್ಟಲ್ಲ. ಹೇಗೂ ಬಿಚ್ಚಿರುವುದರಿಂದ ಕ್ರ್ಯಾಂಕ್‌ನ ಎರಡು ತುದಿಯ ಮೇನ್ ಜರ್ನಲ್‌ಗಳನ್ನು ವಿ-ಬ್ಲಾಕ್ ಮೇಲಿಟ್ಟು ನಡುವಿನದಕ್ಕೆ ಡಯಲ್ ಗೇಜ್ ಹಚ್ಚಿ ಒಂದು ಸುತ್ತು ತಿರುಗಿಸಿ. 0.03 ಒಳಗಿದ್ದರೆ ಆ ಚಿಂತೆ ಮುಗಿಯಿತು.

ಎಣ್ಣೆದಾರಿ:

ಇಬ್ಬರೂ ಚುಕ್ಕೆಗಳನ್ನು ಬಿಟ್ಟಿರಿ. ನನಗೆ ಕಾಣುವಂತೆ ಇದರಲ್ಲಿ ಎಲ್ಲಕ್ಕಿಂತ ಅಪಾಯದ ಗುರುತು ಅದೇ, ಏಕೆಂದರೆ ಎಂಜಿನ್ ತುಂಬ ಹರಡಿರುವುದು ಅದೊಂದೇ.

10 ಪಟ್ಟಿನ ಭೂತಗನ್ನಡಿಯಲ್ಲಿ ಒಂದು ಚುಕ್ಕೆ ನೋಡಿ. ಚುಕ್ಕೆಯ ಸುತ್ತ ಹೊಳೆಯುವ ಉಂಗುರ ಇದ್ದರೆ ಅದರೊಳಗೆ ಏನೋ ಹೂತಿದೆ: ಕಣ ಮೆತ್ತನೆಯ ಪದರಕ್ಕೆ ಇಳಿದಾಗ ಲೋಹ ಸುತ್ತಲೂ ಉಬ್ಬಿ, ಆ ಉಬ್ಬು ಜರ್ನಲ್‌ಗೆ ಉಜ್ಜಿ ಹೊಳೆಯುತ್ತದೆ. ಸೂಜಿಯ ಮೊನೆಯಿಂದ ಕಣವನ್ನು ಎಬ್ಬಿಸಿ ಬಿಳಿ ಕಾಗದದ ಮೇಲೆ ಹಾಕಿ. ಅಯಸ್ಕಾಂತಕ್ಕೆ ಹಾರಿದರೆ ಕಬ್ಬಿಣ, ಬೋರಿಂಗ್ ಅಥವಾ ಹೋನಿಂಗ್‌ನ ಪುಡಿ ತೊಳೆಯದೆ ಉಳಿದಿದೆ. ಹಾರದೆ ಮಣಿಯಂತೆ ದುಂಡಗೆ ಮಿನುಗಿದರೆ ಗಾಜು, ವಾಲ್ವ್ ಕವರನ್ನೋ ಇನ್‌ಟೇಕ್ ಮ್ಯಾನಿಫೋಲ್ಡನ್ನೋ ಬೀಡ್ ಬ್ಲಾಸ್ಟಿಂಗ್ ಮಾಡಿದ್ದಾರೆ. ಹಾರದೆ ಮೂಲೆಮೂಲೆಯಾಗಿ ಒರಟಾಗಿದ್ದರೆ ಅಲ್ಯುಮಿನಿಯಂ ಆಕ್ಸೈಡ್.

ಒಂದು ಪ್ರಶ್ನೆ: ಹೆಡ್ ಮತ್ತು ಬ್ಲಾಕ್‌ನ ಗ್ಯಾಸ್ಕೆಟ್ ಮುಖ ಏನಿಂದ ಶುಚಿ ಮಾಡಿದ್ದು? ಗ್ರೈಂಡರ್‌ಗೆ ಸಿಕ್ಕಿಸುವ ನಾರಿನ ಡಿಸ್ಕ್ ಇದೆಯಲ್ಲ, ಅದರ ನಾರಿನ ತುಂಬ ಅಲ್ಯುಮಿನಿಯಂ ಆಕ್ಸೈಡ್ ಇರುತ್ತದೆ. ಡಿಸ್ಕ್ ಸವೆದಂತೆ ಆ ಪುಡಿ ವಾಟರ್ ಜಾಕೆಟ್, ಎಣ್ಣೆ ಇಳಿಯುವ ತೂತು, ಬೋರ್ ಎಲ್ಲಕ್ಕೂ ಬೀಳುತ್ತದೆ. ಇದು ಬೇರಿಂಗ್ ತಿನ್ನುತ್ತದೆ ಎಂದು ಜನರಲ್ ಮೋಟರ್ಸ್ ತನ್ನ ಸರ್ವಿಸ್ ಬುಲೆಟಿನ್‌ನಲ್ಲೇ ಎಚ್ಚರಿಸಿದೆ, ಅಂಥ ಡಿಸ್ಕ್ ಬಳಸಬೇಡಿ ಎಂದಿದೆ. ಫಿಲ್ಟರ್ ಹಿಡಿಯುವುದಿಲ್ಲವೇ ಎಂದರೆ, ಪೂರ್ತಿ ಹಿಡಿಯುವುದಿಲ್ಲ. ತಣ್ಣಗಿರುವಾಗ ಎಣ್ಣೆ ಗಟ್ಟಿಯಾಗಿ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಆಗ ಸೋಸದ ಎಣ್ಣೆಯೇ ಬೇರಿಂಗ್‌ಗೆ. ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ, ಅದೇ ಪುಡಿ ಅಲ್ಲೂ ಸಿಗುತ್ತದೆ. ಕತ್ತರಿಸಲು ಪೈಪ್ ಕಟರ್ ತರಹದ್ದನ್ನು ಬಳಸಿ. ಗರಗಸ ಹಚ್ಚಿದರೆ ನೀವೇ ಉದುರಿಸಿದ ಪುಡಿಯನ್ನು ಓದುತ್ತಾ ಕೂರಬೇಕಾಗುತ್ತದೆ.

ಪಂಪ್ ಬಗ್ಗೆ ಹಳೇಲೇತ್ ಅವರದ್ದಕ್ಕಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪಂಪ್ ಕಾರಣವಲ್ಲ, ಒಪ್ಪಿದೆ. ಆದರೆ ಫಿಲ್ಟರ್ ಇರುವುದು ಪಂಪಿನ ಆಚೆ. ಸಂಪಿನ ಕಸ ಮೊದಲು ತಿನ್ನುವುದು ಪಂಪಿನ ರೋಟರನ್ನೇ. ಕವರ್ ಬಿಚ್ಚಿ ಗೀರು ನೋಡಿ, ಪಕ್ಕದ ಸಂದಿ ಅಳೆಯಿರಿ, ರಿಲೀಫ್ ವಾಲ್ವ್ ಬೆರಳಲ್ಲಿ ಒತ್ತಿದರೆ ಸಲೀಸಾಗಿ ಓಡುತ್ತದೆಯೇ ನೋಡಿ. 1.8ರಿಂದ 0.8ಕ್ಕೆ ಇಳಿದದ್ದರಲ್ಲಿ ಅದರ ಪಾಲೂ ಇರಬಹುದು.

ಹಳೇಲೇತ್:

ಪಂಪಿನ ಮಾತು ಒಪ್ಪಿದೆ.

ನಾಲ್ಕುಸ್ಟ್ರೋಕ್:

ಅಳತೆಗಳು ಬಂದವು. ಬಿಗ್ ಎಂಡ್ ಗೂಡು ಮ್ಯಾನ್ಯುಯಲ್ ಪ್ರಕಾರ 51.000ರಿಂದ 51.013 ಇರಬೇಕು. ಹೊಸ ಬೋಲ್ಟ್‌ನಲ್ಲಿ ರಾಡಿನ ಉದ್ದಕ್ಕೆ 51.014, ಕೂಡುಗೆರೆಯ ಹತ್ತಿರ 50.978. ಹಳೆಯ ಬೋಲ್ಟ್‌ನಲ್ಲಿ 51.009 ಮತ್ತು 51.003. ನಾಲ್ಕೂ ರಾಡ್‌ಗಳಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ. ಬೋಲ್ಟ್ ಬದಲಿಸಿದ ಮೇಲೆ ಹೋನಿಂಗ್ ಮಾಡಿಸಿರಲಿಲ್ಲ.

ಮೂರನೇ ರಾಡ್ 100 ಮಿ.ಮೀ.ಗೆ 0.11 ಬಾಗಿದೆ. ಪಿಸ್ಟನ್ ಸ್ಕರ್ಟ್ ಓರೆಯಾಗಿ ಉಜ್ಜಿದೆ. ಮೂರನೇ ಮೇನ್ ಶೆಲ್ ಬೆನ್ನಿನಲ್ಲಿ ಕಪ್ಪು ಕಲೆ, ಗೂಡಿನಲ್ಲಿ ಚಪ್ಪಟೆಯಾದ ಲೋಹದ ಸಣ್ಣ ಚೂರು ಅಂಟಿತ್ತು. ಡಯಲ್ ಗೇಜ್‌ನಲ್ಲಿ ಕ್ರ್ಯಾಂಕ್ ಓಟ 0.015. ಚುಕ್ಕೆಗಳಿಂದ ಬಂದದ್ದು ಅಯಸ್ಕಾಂತಕ್ಕೆ ಹಾರದ ಒರಟು ಕಣ, ಫಿಲ್ಟರ್‌ನಲ್ಲೂ ಇದೆ. ಗ್ಯಾಸ್ಕೆಟ್ ಮುಖ ನಾರಿನ ಡಿಸ್ಕ್‌ನಲ್ಲೇ ತಿಕ್ಕಿದ್ದು. ಪಂಪಿನ ರೋಟರ್ ಮುಖದಲ್ಲಿ ವೃತ್ತಾಕಾರದ ಗೀರು, ಉಗುರಿಗೆ ಸಿಗುತ್ತದೆ.

ಈಗ ಯಾವ ಕ್ರಮದಲ್ಲಿ ಹೋಗಲಿ? ಕ್ರ್ಯಾಂಕ್ ಮತ್ತೆ ಗ್ರೈಂಡ್ ಮಾಡಿಸಿ 0.50ಕ್ಕೆ ಹೋಗಬೇಕೇ?

ಹಳೇಲೇತ್:

ಲೆಕ್ಕ ಹಾಕಿ ನೋಡಿ. ಜರ್ನಲ್ 47.755, ಶೆಲ್ ನಡುವೆ 1.605, ತುದಿಯ ಹತ್ತಿರ 1.597 ಎಂದಿಟ್ಟುಕೊಳ್ಳೋಣ. ಹೊಸ ಬೋಲ್ಟ್‌ನಲ್ಲಿ ನಡುವಿನ ಗ್ಯಾಪ್ 0.049, ಪಕ್ಕದಲ್ಲಿ 0.029. ಹಳೆಯ ಬೋಲ್ಟ್‌ನಲ್ಲಿ ನಡುವೆ 0.044, ಪಕ್ಕದಲ್ಲಿ 0.054. ಪಕ್ಕದಲ್ಲಿ ಹೆಚ್ಚಿರಬೇಕಾದ ಜಾಗ ತಿರುಗುಮುರುಗಾಗಿದೆ. ಇದು ನಿಂತಿರುವಾಗಿನ ಅಳತೆ. ಓಡುವಾಗ ಗೂಡು ಇನ್ನೂ ಒಳಸರಿಯುತ್ತದೆ.

ರಾಡ್‌ಗಳಿಗೆ ಮಾಡಿಸಬೇಕಾದದ್ದು: ರಾಡ್ ಮತ್ತು ಕ್ಯಾಪ್ ಕೂಡುವ ಮುಖಗಳಿಂದ ತಲಾ 0.05 ತೆಗೆದು, ಈಗ ಬಳಸಲಿರುವ ಬೋಲ್ಟ್‌ನಿಂದಲೇ, ಬೋಲ್ಟ್ ತಯಾರಕರು ಹೇಳಿದ ಲೂಬ್ರಿಕೆಂಟ್ ಹಚ್ಚಿ, ಅವರು ಹೇಳಿದ ಟಾರ್ಕ್‌ಗೆ ಬಿಗಿದು, ಗೂಡನ್ನು 51.006ಕ್ಕೆ ಹೋನ್ ಮಾಡಿಸಿ. ಮ್ಯಾನ್ಯುಯಲ್‌ನ ಟಾರ್ಕ್ ಹಳೆಯ ಬೋಲ್ಟ್‌ಗೆ ಹೇಳಿದ್ದು, ಅದನ್ನು ಇದಕ್ಕೆ ತರಬೇಡಿ. ಎಣ್ಣೆ ಹಚ್ಚಿ ಬಿಗಿದದ್ದಕ್ಕೂ ಗ್ರೀಸಿನಂಥ ಲೂಬ್ ಹಚ್ಚಿ ಬಿಗಿದದ್ದಕ್ಕೂ ಒಂದೇ ಟಾರ್ಕ್‌ನಲ್ಲಿ ಬೋಲ್ಟ್ ಎಳೆತ ಬೇರೆ, ಎಳೆತ ಬೇರೆಯಾದರೆ ಗೂಡಿನ ಆಕಾರವೂ ಬೇರೆ. ಹೋನ್ ಮಾಡುವಾಗ ಹೇಗೋ ಕೂಡಿಸುವಾಗಲೂ ಹಾಗೇ. ಒಂದು ಎಚ್ಚರ: ಮುಖ ಒರಟಾಗಿ ಕಲ್ಲು ಒಡೆದ ಹಾಗಿದ್ದರೆ ಅದು ತಯಾರಿಸುವಾಗಲೇ ಮುರಿದು ಕ್ಯಾಪ್ ಬೇರ್ಪಡಿಸಿದ ರಾಡ್, ಆ ಮುಖಕ್ಕೆ ಗ್ರೈಂಡಿಂಗ್ ಮಾಡುವಂತಿಲ್ಲ. ಆಗ ಹಳೆಯ ಮಾದರಿಯ ಹೊಸ ಬೋಲ್ಟ್ ತಂದು ಮತ್ತೆ ಅಳೆಯುವುದೇ ಸಲೀಸು. ನಿಜ ಹೇಳಬೇಕೆಂದರೆ, ಆರ್‌ಪಿಎಂ ಹೆಚ್ಚಿಸುವ ಉದ್ದೇಶವಿಲ್ಲದ ಎಂಜಿನ್‌ಗೆ ಬಲದ ಬೋಲ್ಟ್ ಬೇಕೇ ಇರಲಿಲ್ಲ.

ಮೂರನೇ ರಾಡ್ ಬದಲಿಸಿ. ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುತ್ತಾರೆ, ಬೇಡ. ತಣ್ಣಗೆ ಬಗ್ಗಿಸಿ ನೇರ ಮಾಡಿದ ಲೋಹದೊಳಗೆ ಒತ್ತಡ ಉಳಿದಿರುತ್ತದೆ, ಓಡುತ್ತಾ ಸ್ವಲ್ಪ ಹಿಂದಕ್ಕೆ ಬರಬಹುದು. ಬದಲಿ ರಾಡನ್ನು ಉಳಿದ ಮೂರರ ತೂಕಕ್ಕೆ ಹೊಂದಿಸಿ, ಒಟ್ಟು ತೂಕ ಮಾತ್ರವಲ್ಲ, ದೊಡ್ಡ ತುದಿಯನ್ನೂ ಸಣ್ಣ ತುದಿಯನ್ನೂ ಬೇರೆ ಬೇರೆ ತೂಗಿ.

ಮೈಕ್ರಾನ್:

ಕ್ರ್ಯಾಂಕ್ ಪ್ರಶ್ನೆಗೆ: ಜರ್ನಲ್ ಮೇಲೆ ಉಗುರು ಎಳೆಯಿರಿ. ಗೀರು ಸಿಗದಿದ್ದರೆ ಪಾಲಿಶ್ ಸಾಕು, ವ್ಯಾಸದಲ್ಲಿ 0.005ಕ್ಕಿಂತ ಹೆಚ್ಚು ಹೋಗಬಾರದು. 0.25 ಅಂಡರ್‌ಸೈಜ್ ಹಾಗೇ ಉಳಿಯುತ್ತದೆ. ಉಗುರು ಸಿಕ್ಕಿಕೊಂಡರೆ 0.50ಕ್ಕೆ ಗ್ರೈಂಡಿಂಗ್. ಪ್ರತಿ ಜರ್ನಲ್‌ಗೆ ಎರಡು ಜಾಗದಲ್ಲಿ, ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿಯಿರಿ, ಇಳಿಜಾರೂ ಮೊಟ್ಟೆಯೂ ಆಗ ಗೊತ್ತಾಗುತ್ತದೆ.

ಎರಕದ ಕ್ರ್ಯಾಂಕ್ ಆದ್ದರಿಂದ ದಿಕ್ಕು ಮುಖ್ಯ. ಅದರೊಳಗಿನ ಗ್ರಾಫೈಟ್ ಉಂಡೆಗಳ ಬಾಯಿಯಲ್ಲಿ ಗ್ರೈಂಡಿಂಗ್ ಆದಾಗ ಸಣ್ಣ ಮುಳ್ಳು ಏಳುತ್ತದೆ. ಗ್ರೈಂಡಿಂಗ್ ಎಂಜಿನ್ ತಿರುಗುವ ದಿಕ್ಕಿಗೆ ವಿರುದ್ಧ, ಕೊನೆಯ ಪಾಲಿಶ್ ತಿರುಗುವ ದಿಕ್ಕಿಗೇ ಆಗಬೇಕು, ಆಗ ಮುಳ್ಳು ಮಲಗುತ್ತದೆ. ಉಲ್ಟಾ ಆದರೆ ಜರ್ನಲ್ಲೇ ಅರವಾಗಿ ಶೆಲ್ ತಿನ್ನುತ್ತದೆ. ತಾಮ್ರದ ನಾಣ್ಯದ ಅಂಚನ್ನು ಜರ್ನಲ್ ಉದ್ದಕ್ಕೆ ಎಳೆದಾಗ ಕೆಂಪು ಗೆರೆ ಉಳಿದರೆ ಇನ್ನೂ ಒರಟು ಎಂದರ್ಥ.

ಎಣ್ಣೆದಾರಿ:

ಶುಚಿ ಮಾಡುವುದರಲ್ಲಿ ಜಿಪುಣತನ ಬೇಡ, ಈ ಪುಡಿ ಸೀಮೆಎಣ್ಣೆಯಲ್ಲಿ ತೊಳೆದರೆ ಜಾಗ ಬದಲಿಸುತ್ತದೆ ಅಷ್ಟೆ. ಬ್ಲಾಕ್‌ನ ಆಯಿಲ್ ಗ್ಯಾಲರಿ (ಎಣ್ಣೆ ಹರಿಯುವ ಒಳದಾರಿ) ಪ್ಲಗ್ ಎಲ್ಲ ತೆಗೆದು ಉದ್ದನೆಯ ನೈಲಾನ್ ಬ್ರಷ್ ಹಾಕಿ ಸೋಪಿನ ಬಿಸಿನೀರಲ್ಲಿ ಉಜ್ಜಿ, ಗಾಳಿ ಊದಿ, ತಕ್ಷಣ ಎಣ್ಣೆ ಸವರಿ. ಬೋರ್ ಗೋಡೆಗೆ ಬಿಳಿ ಬಟ್ಟೆ ಒರೆಸಿದರೆ ಬಟ್ಟೆ ಬಿಳಿಯಾಗೇ ಬರುವವರೆಗೆ ತೊಳೆಯಿರಿ. ಕ್ರ್ಯಾಂಕ್‌ನೊಳಗೆ ಮೇನ್‌ನಿಂದ ಬಿಗ್ ಎಂಡ್‌ಗೆ ಹೋಗುವ ತೂತುಗಳಿಗೂ ಬ್ರಷ್ ಹೋಗಲಿ, ಪಾಲಿಶ್ ಪುಡಿ ಕೂರುವುದು ಅಲ್ಲೇ. ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಬಿಚ್ಚಿ ತೊಳೆಯಬೇಕು. ಆಯಿಲ್ ಕೂಲರ್ ಇದ್ದರೆ ಬದಲಿಸಿ, ಅದರ ಹೊಟ್ಟೆ ತೊಳೆದು ಶುಚಿ ಮಾಡುವುದು ಆಗದ ಕೆಲಸ. ಪಂಪೂ ಹೊಸದು.

ಗ್ಯಾಸ್ಕೆಟ್ ಮುಖಕ್ಕೆ ಇನ್ನು ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಗ್ಯಾಸ್ಕೆಟ್ ರಿಮೂವರ್ ದ್ರವ.

ಶೆಲ್ ಕೂರಿಸುವಾಗ ಗೂಡೂ ಶೆಲ್ಲಿನ ಬೆನ್ನೂ ಒಣಗಿ, ಬರಿ ಬೆರಳಿಗೆ ಏನೂ ತಾಗದಷ್ಟು ಶುಚಿಯಾಗಿರಬೇಕು, ಬೆನ್ನಿಗೆ ಎಣ್ಣೆ ಬೇಡ. ತೂತಿರುವ ಮೇನ್ ಶೆಲ್ ಬ್ಲಾಕ್ ಕಡೆಗೆ. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲಿಸಿ ಬಿಚ್ಚಿ, ಮುಂದಿನ ಕ್ಯಾಪ್‌ಗೆ ಹೋಗಬೇಡಿ. ಸ್ಟಾರ್ಟ್ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ನಿಲ್ಲಿಸಿ, ಹತ್ತು ಹತ್ತು ಸೆಕೆಂಡು ಸ್ಟಾರ್ಟರ್‌ನಲ್ಲಿ ತಿರುಗಿಸಿ. ಗೇಜ್ ಮುಳ್ಳು ಏಳುವವರೆಗೆ ಪ್ಲಗ್ ಹಾಕಬೇಡಿ. ಮೊದಲ 30 ನಿಮಿಷ ಓಡಿದ ಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ ಆ ಫಿಲ್ಟರನ್ನೂ ಕತ್ತರಿಸಿ ನೋಡಿ, 500 ಕಿ.ಮೀ.ಗೆ ಇನ್ನೊಮ್ಮೆ.

ನಾಲ್ಕುಸ್ಟ್ರೋಕ್:

ಉಗುರು ಸಿಗುತ್ತಿಲ್ಲ, ಪಾಲಿಶ್ ಸಾಕಾಗುತ್ತದೆ. ರಾಡ್ ಮುಖ ನುಣುಪಾಗಿದೆ, ಮುರಿದ ಜಾತಿಯದಲ್ಲ. ಆದರೂ ಬಲದ ಬೋಲ್ಟ್ ಕೈಬಿಟ್ಟು ಮೂಲ ಮಾದರಿಯ ಹೊಸ ಬೋಲ್ಟ್ ತರಿಸುತ್ತಿದ್ದೇನೆ. ಅದರಲ್ಲಿ ಗೂಡು 51.013 ಒಳಗೆ ಗುಂಡಗೆ ಬಂದರೆ ಹೋನಿಂಗ್ ಇಲ್ಲದೆಯೇ ಕೂಡಿಸಬಹುದಲ್ಲವೇ?

ಹಳೇಲೇತ್:

ನಾಲ್ಕರಲ್ಲೂ ಬಂದರೆ, ಹೌದು. ಮೂರನೆಯದು ಬದಲಿ ರಾಡ್ ಆದ್ದರಿಂದ ಅದರ ಗೂಡನ್ನು ಬೇರೆಯಾಗಿ ಅಳೆಯಿರಿ, ಉಳಿದವುಗಳ ಲೆಕ್ಕ ಅದಕ್ಕೆ ಹಚ್ಚಬೇಡಿ.